ಹಾಲು ಬಿಟ್ಟ ತಿಂಗಳು

ರಾಯಚೂರಿನಲ್ಲಿ ಡಾಕ್ಟರ್ ಸೂಫಿಯಾ ಅವರ ಬಾಗಿಲ ಮುಂದೆ ಶ್ರೀಲಕ್ಷ್ಮೀ ಮತ್ತು ಆಕೆಯ ಗಂಡ ವಿಠ್ಠಲಾಚಾರ್ಯರು ಕೂತು ಮೂರು ತಾಸಾಗಿತ್ತು. ಮಾನ್ವಿಯ ಮೊದಲ ಬಸ್ಸಿಗೆ ಬಂದವರು. ಆಚಾರ್ಯರ ಹಣೆಯಲ್ಲಿ ಅಂಗಾರದ ಕರಿ ಗೆರೆಯ ಪಕ್ಕದಲ್ಲೇ ಬಿಳಿ ಪಟ್ಟಿ. ನಾಲ್ಕು ದಿನದ ಹಿಂದೆ, ಬೆಳಗಿನ ಪಾರಾಯಣದ ನಡುವೆ ಫಿಟ್ಸ್ ಬಂದು ಪಕ್ಕಕ್ಕೆ ಉರುಳಿದಾಗ ದೀಪದ ಕಂಬ ಬಡಿದಿತ್ತು. ವೈಶಾಖದಲ್ಲಿ ಗುಳಿಗೆ ಶುರುವಾದ ಮೇಲೆ ಸುಳಿಯದಿದ್ದದ್ದು ಈ ತಿಂಗಳಲ್ಲಿ ಎರಡು ಸಲ ಬಂದಿತ್ತು.

ಒಳಗೆ ಹೋದಾಗ ಡಾಕ್ಟರು ಕಣ್ಣುಜ್ಜಿಕೊಳ್ಳುತ್ತಿದ್ದರು. ಗುಳಿಗೆ ಹೇಳಿದಂತೆಯೇ ತಗೊಳ್ಳುತ್ತೀರಾ ಎಂದು ಕೇಳಿದರು. ಹೇಳಿದಂತೆಯೇ, ಎಳ್ಳಷ್ಟೂ ತಪ್ಪಿಲ್ಲ ಎಂದರು ಆಚಾರ್ಯರು. ಅವರ ಮಟ್ಟಿಗೆ ಅದು ಸುಳ್ಳಲ್ಲ. ಮನೆಯಲ್ಲಿ ಶ್ರೀಲಕ್ಷ್ಮೀ ಎರಡು ಸಲ ವಾದಿಸಿ ಸೋತಿದ್ದಳು. ವೈದ್ಯರ ಮಾತಿನಲ್ಲಿ ನಾವು ಕೈಯಾಡಿಸಬಾರದು ಎಂಬುದೇ ಅವರ ಉತ್ತರ.

ಹಾಗಾದರೆ ಈ ಗುಳಿಗೆ ಸಾಲುತ್ತಿಲ್ಲ, ಇನ್ನೊಂದು ಸೇರಿಸೋಣ ಎಂದು ಡಾಕ್ಟರು ಬರೆಯತೊಡಗಿದರು. ಮಂಪರು ಬರಬಹುದು, ನಾಲಿಗೆ ತೊದಲಬಹುದು, ನೆನಪು ಕೈಕೊಡಬಹುದು ಎಂದರು. ಆಚಾರ್ಯರು ತಲೆಯಾಡಿಸಿದರು. ಮೂವತ್ತು ವರ್ಷ ಅಡಿಗೆಮನೆಯಲ್ಲಿ ನಿಂತು ಅವರ ಕಂಠಪಾಠ ಕೇಳಿದ ಶ್ರೀಲಕ್ಷ್ಮೀ ಮಾತ್ರ ಚೀಟಿಗೆ ಅಡ್ಡ ಕೈ ಚಾಚಿದಳು. ಒಂದಕ್ಷರ ಜಾರಿದರೆ ಮೊದಲಿನಿಂದ ಹೇಳುವ ಮನುಷ್ಯ.

"ಬರೀಬ್ಯಾಡ್ರಿ ಮೇಡಂ," ಎಂದಳು. "ಇಪ್ಪತ್ತೈದು ದಿನ ಆತು, ಇವರು ಗುಳಿಗಿ ಮುಟ್ಟಿಲ್ರಿ."

ಡಾಕ್ಟರು ಆಚಾರ್ಯರತ್ತ ನೋಡಿದರು.

"ಹಾಲಿನ ಜೋಡಿ ತಗೋರಿ ಅಂದಿದ್ರಿ ನೀವು. ಚಾತುರ್ಮಾಸ್ಯದಾಗ ಈ ತಿಂಗಳು ನಾವು ಹಾಲು ಬಿಡ್ತೀವ್ರಿ. ಹಾಲಿಲ್ಲದ ಗುಳಿಗಿ ಹೆಂಗ ತಗೊಳ್ಳಲಿ?" ಎಂದರು ಆಚಾರ್ಯರು.

ಡಾಕ್ಟರು ಹಳೆಯ ಚೀಟಿ ತಿರುವಿದರು. ಹೊಟ್ಟೆ ಉರಿಯುತ್ತದೆ ಎಂದು ಆಚಾರ್ಯರು ಹೇಳಿದ್ದಕ್ಕೆ ತಾವೇ ಅಂದಿದ್ದ ಮಾತು.

"ಹಾಲು ಅಂದದ್ದು ನಿಮ್ಮ ಹೊಟ್ಟಿಗ್ರಿ, ಗುಳಿಗಿಗಲ್ಲ. ಅವತ್ತೇ ಬಿಡಿಸಿ ಹೇಳಬೇಕಿತ್ತು ನಾನು. ನೀರಾಗ ತಗೋರಿ. ಒಂದು ದಿನಾನೂ ಬಿಡಬ್ಯಾಡ್ರಿ." ಹೊಸ ಗುಳಿಗೆಯ ಹೆಸರಿನ ಮೇಲೆ ಗೆರೆ ಎಳೆದರು.

ಎದ್ದ ಆಚಾರ್ಯರು ಅಲ್ಲೇ ನಿಂತರು. "ಏಕಾದಶಿಗೆ ನೀರೂ ಇಲ್ರಿ."

ಡಾಕ್ಟರು ಶ್ರೀಲಕ್ಷ್ಮೀಯ ಕಡೆ ತಿರುಗಿದರು.

"ತೀರ್ಥ ತಗೋತೀರಲ್ಲ, ಅದರ ಜೋಡಿ ನುಂಗ್ರಿ," ಎಂದಳು ಶ್ರೀಲಕ್ಷ್ಮೀ, ದಣಿದ ದನಿಯಲ್ಲಿ. "ಔಷಧಕ್ಕ ವ್ರತ ಕೆಡೂದಿಲ್ಲ ಅಂತ ಊರ ಮಂದಿಗೆಲ್ಲ ನೀವೇ ಹೇಳ್ತೀರಿ. ನಿಮಗಷ್ಟೇ ಬ್ಯಾರೆ ಶಾಸ್ತ್ರ ಅದ ಏನು?"

ಆಚಾರ್ಯರು ಬಸ್ ನಿಲ್ದಾಣದಲ್ಲಿ ಮನೆಯಿಂದ ತಂದ ತಂಬಿಗೆಗೆ ಕೈ ಚಾಚಿದರು. ಅದರ ನೀರಿನಲ್ಲಿ ಗುಳಿಗೆ ನುಂಗಿದರು.

ಬಸ್ಸು ಊರು ದಾಟಿದ ಮೇಲೆ, ಬಿದ್ದ ದಿನ ಅರ್ಧಕ್ಕೆ ನಿಂತಿದ್ದ ಅಧ್ಯಾಯವನ್ನು ಮೆಲ್ಲಗೆ ಎತ್ತಿಕೊಂಡರು. ಶ್ರೀಲಕ್ಷ್ಮೀ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಕಲ್ಲೂರಿನ ಹತ್ತಿರ ದನಿ ತಡವರಿಸಿತು. ಅವಳು ಕಣ್ಣು ತೆರೆದಳು. ಅವರು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.