ಓರಗಿತ್ತಿಗೆ ಜಾಗವಿಲ್ಲದ ಫಾರಂ

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಕ್ಕನ ಎಡಗೆನ್ನೆ ಊದಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬಲಗೆನ್ನೆಯೂ ನಾನೇನು ಕಡಿಮೆ ಎಂದು ಸೇರಿಕೊಂಡಿತು. ಹಲ್ಲುನೋವು ಕಣೆ, ಒಂದು ಮಾತ್ರೆ ನುಂಗಿದರೆ ಹೋಗುತ್ತೆ ಎಂದು ಅಕ್ಕ ಸಾಧಿಸುತ್ತಲೇ ಇದ್ದಳು. ಡಾಕ್ಟರು ಅವಳ ಕಿವಿಯ ಕೆಳಗೆ ಎರಡು ಬೆರಳಿಟ್ಟು ಒತ್ತಿ ನೋಡಿ, ಬರುತ್ತಿದ್ದ ನಗುವನ್ನು ತಡೆದುಕೊಂಡು, "ಮಂಗನ ಬಾವು" ಎಂದರು.

"ನನಗೆ ಅರವತ್ತೊಂದು," ಎಂದಳು ಅಕ್ಕ, ವಯಸ್ಸು ಕೇಳಿದರೆ ಕಾಯಿಲೆ ನಾಚಿಕೊಂಡು ವಾಪಸು ಹೋಗುತ್ತದೆ ಎಂಬಂತೆ.

"ಚಿಕ್ಕವರಿದ್ದಾಗ ಬಂದಿರಲಿಲ್ವಲ್ಲ, ಈಗ ಬಂದಿದೆ. ದೊಡ್ಡವರಿಗೆ ಬಂದ್ರೆ ಕಾಟ ಜಾಸ್ತಿ. ಬೇರೆಯವರಿಗೂ ಅಂಟುತ್ತೆ. ಹತ್ತು ದಿನ ಮನೆ ಬಿಟ್ಟು ಆಚೆ ಹೋಗೋ ಹಾಗಿಲ್ಲ."

ಎರಡು ಮೂರು ವಾರದ ಹಿಂದೆ ಊದಿದ ಕೆನ್ನೆಯ ಮಗುವೊಂದು ತನ್ನ ಮುಖಕ್ಕೆ ಮುಖ ತಂದು ಸೀನಿದ್ದು ಆಗ ಅಕ್ಕನಿಗೆ ನೆನಪಾಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಿರಾಕಿಗಳ ಮುಖದ ಹತ್ತಿರ ಹೋಗದೆ ಅವಳ ಕೆಲಸ ಸಾಗುವುದಿಲ್ಲ.

ಜೊತೆಗೆ ಬಂದಿದ್ದ ಸೂಜಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಏಳನೇ ವಯಸ್ಸಿನಲ್ಲೇ ಆ ಕಾಯಿಲೆ ಬಂದು ಹೋಗಿತ್ತು, ಹಾಗಾಗಿ ಹೆದರಿಕೆಯಿರಲಿಲ್ಲ. ಆದರೆ ಮನೆಯಲ್ಲಿ ಬಾಗಿಲ ಬಳಿ ಜೋಡಿಸಿಟ್ಟಿದ್ದ ಎರಡು ಪೆಟ್ಟಿಗೆಗಳು ಅವಳ ಕಣ್ಣಮುಂದೆ ಬಂದವು. ಎಂಟು ದಿನದ ಪ್ರವಾಸ, ಹಡಗಿನಲ್ಲಿ ದ್ವೀಪಕ್ಕೆ. ಇಬ್ಬರೂ ಸಮುದ್ರವನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಸೂಜಿ ಎಂದು ಅವಳಿಗೆ ಹೆಸರಿಟ್ಟವಳು ಅಕ್ಕನೇ. ಕಡ್ಡಿಯಂಥ ಮೈ, ಚುಚ್ಚುವ ನಾಲಗೆ, ಅದಕ್ಕೆ ಸರಿಯಾಗಿ ಹೊಲಿಗೆ ಕೆಲಸ. ಬೀದಿಗೆ ಮುಖ ಮಾಡಿದ ಅಂಗಡಿಯಲ್ಲಿ ಅವಳ ಮೆಷಿನ್ನು, ಅದರ ಹಿಂದಿನ ಎರಡು ಕೋಣೆಗಳಲ್ಲಿ ಇಬ್ಬರ ಸಂಸಾರ. ನೋಡಿದವರು ಅಕ್ಕತಂಗಿಯರು ಅಂದುಕೊಳ್ಳುತ್ತಿದ್ದರು. ಅವರು ಓರಗಿತ್ತಿಯರು. ಅಣ್ಣನನ್ನು ಅಕ್ಕ ಮದುವೆಯಾಗಿದ್ದಳು, ತಮ್ಮನನ್ನು ಸೂಜಿ. ಅಣ್ಣ ಎದೆನೋವಿನಿಂದ ತೀರಿಕೊಂಡ. ಅದಾದ ಎರಡು ವರ್ಷಕ್ಕೆ ತಮ್ಮ ಇನ್ನೊಬ್ಬಳ ಜೊತೆ ಹೋದ, ಆಮೇಲೆ ಕೋರ್ಟಿನ ಕಾಗದವೂ ಬಂತು. ಗಂಡಂದಿರಿಂದ ಬಂದ ನೆಂಟಸ್ತಿಕೆ ಗಂಡಂದಿರಿಲ್ಲದೆಯೇ ಹದಿನಾಲ್ಕು ವರ್ಷ ನಡೆದುಕೊಂಡು ಬಂದಿತ್ತು. ಮೊದಮೊದಲು 'ನೀವು' ಎನ್ನುತ್ತಿದ್ದ ಸೂಜಿ ಯಾವಾಗ 'ನೀನು' ಎನ್ನತೊಡಗಿದಳೋ ಇಬ್ಬರಿಗೂ ನೆನಪಿಲ್ಲ.

ಮನೆಗೆ ಬರುವಷ್ಟರಲ್ಲಿ ಅಕ್ಕನಿಗೆ ಬಾಯಿ ತೆರೆಯುವುದೇ ಕಷ್ಟವಾಯಿತು. ಆದರೂ ಸುಮ್ಮನಿರುವ ಜಾಯಮಾನ ಅವಳದಲ್ಲ. ಕನ್ನಡಕದ ಅಂಗಡಿಯ ಚೀಟಿ ಪುಸ್ತಕ ತೆಗೆದುಕೊಂಡು, 'ನೀನಾದರೂ ಹೋಗು' ಎಂದು ಬರೆದು ಸೂಜಿಯ ಮೂಗಿನ ಕೆಳಗೆ ಹಿಡಿದಳು.

"ಒಬ್ಬಳೇ ಹೋಗಿ ಏನು ಮಾಡಲಿ?"

'ಸಮುದ್ರ ನೋಡು.'

"ಅದೇನು ಓಡಿ ಹೋಗುತ್ತಾ?"

'ಹಠಮಾರಿ. ನನಗೇನೂ ಆಗಿಲ್ಲ. ನಾನು ಸಣ್ಣ ಮಗುವಲ್ಲ.'

"ಸಣ್ಣ ಮಕ್ಕಳ ಕಾಯಿಲೆ ತಂದ್ಕೊಂಡು ಈ ಮಾತು ಬೇರೆ," ಎಂದಳು ಸೂಜಿ. ಅಕ್ಕನಿಗೆ ನಗು ಬಂದು, ನಕ್ಕರೆ ದವಡೆ ನೋಯುವುದರಿಂದ ಕೆನ್ನೆ ಹಿಡಿದುಕೊಂಡು ಅಳುವವಳಂತೆ ನರಳಿದಳು. ಸೂಜಿ ಎರಡೂ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ಸೇರಿಸಿದಳು. ಆಮೇಲಿನ ನಾಲ್ಕು ದಿನ ಜ್ವರ ಏರಿ ಅಕ್ಕ ಚೀಟಿ ಬರೆಯುವುದನ್ನೂ ನಿಲ್ಲಿಸಿದಾಗ ಸೂಜಿ ಮೆಷಿನ್ನಿನ ಮೇಲೆ ಬಟ್ಟೆ ಹೊದೆಸಿ, ಅಂಗಡಿಯ ಬಾಗಿಲು ಹಾಕಿ, ಹಾಸಿಗೆಯ ಪಕ್ಕ ಕುಳಿತಳು. ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ತೆಗೆಯುತ್ತ, ದೇಹದಲ್ಲಿ ಇಷ್ಟು ಬಿಸಿ ಎಲ್ಲಿಂದ ಬರುತ್ತದೋ ಎಂದು ಹೆದರುತ್ತ. ಆರನೆಯ ದಿನ ಜ್ವರ ಇಳಿಯಿತು. ಅಕ್ಕ ಮೊದಲು ಬರೆದ ಚೀಟಿ: 'ನಿನ್ನ ಮುಖ ನೋಡೋಕಾಗ್ತಿಲ್ಲ, ಹೋಗಿ ತಲೆ ಬಾಚಿಕೋ.'

ಟಿಕೆಟ್ ಕೊಟ್ಟ ಹುಡುಗಿ ಒತ್ತಾಯ ಮಾಡಿದ್ದಕ್ಕೆ ಸೂಜಿ ಇಬ್ಬರ ಹೆಸರಿನಲ್ಲೂ, ಪ್ರವಾಸ ತಪ್ಪಿದರೆ ಹಣ ವಾಪಸು ಬರುವ ವಿಮೆ ಮಾಡಿಸಿದ್ದಳು. ಅಕ್ಕ ಆಗ ಮೂಗು ಮುರಿದಿದ್ದಳು. ಈಗ ಕಂಪನಿಯಿಂದ ಎರಡು ಫಾರಂ ಬಂದವು. ಅಕ್ಕನದು ಸಲೀಸು: ಸ್ವಂತ ಅನಾರೋಗ್ಯ, ಡಾಕ್ಟರ ಪತ್ರ, ಸಹಿ. ಸೂಜಿ ತನ್ನದನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕುಳಿತವಳು ಮೂರನೆಯ ಪುಟದಲ್ಲಿ ನಿಂತುಬಿಟ್ಟಳು. 'ಹತ್ತಿರದ ಸಂಬಂಧಿಯ ಅನಾರೋಗ್ಯವಾದಲ್ಲಿ, ಸಂಬಂಧ ಸೂಚಿಸಿ.' ಕೆಳಗೆ ಸಾಲು ಚೌಕಗಳು. ಗಂಡ ಅಥವಾ ಹೆಂಡತಿ. ತಂದೆ, ತಾಯಿ. ಮಕ್ಕಳು. ಒಡಹುಟ್ಟಿದವರು. ಅತ್ತೆ, ಮಾವ.

"ಒಡಹುಟ್ಟಿದವರು ಅನ್ನೋದಕ್ಕೆ ಗುರುತು ಹಾಕು," ಎಂದಳು ಅಕ್ಕ. ಅಷ್ಟರಲ್ಲಿ ಅವಳ ಬಾಯಿ ಸರಿಹೋಗಿತ್ತು. "ಯಾರು ಬಂದು ನೋಡ್ತಾರೆ?"

"ಸುಳ್ಳು ಬರೆದು ಸಿಕ್ಕಿಹಾಕಿಕೊಳ್ಳೋ ಆಸೆ ನನಗಿಲ್ಲ."

"ಸುಳ್ಳಾ ಅದು?"

ಸೂಜಿ ಚೌಕಗಳ ಪಕ್ಕದ ಖಾಲಿ ಜಾಗದಲ್ಲಿ ಗುಂಡಗೆ 'ಓರಗಿತ್ತಿ' ಎಂದು ಬರೆದು ಕಳಿಸಿದಳು.

ಎರಡು ವಾರದ ನಂತರ, ಅವಳು ಯಾರದೋ ಕೋಟಿನ ಒಳಗಿನ ಅಸ್ತರು ಬಿಚ್ಚುತ್ತಿದ್ದಾಗ, ಫೋನು ಬಂತು. ವಿಮೆ ಕಂಪನಿಯ ಗುಮಾಸ್ತ, ತುಂಬ ಮರ್ಯಾದೆಯ ದನಿ.

"ಮೇಡಂ, ನಿಮ್ಮ ಜೊತೆಯವರ ಕ್ಲೇಮು ಪಾಸಾಗಿದೆ. ನಿಮ್ಮದರಲ್ಲಿ ಸ್ವಲ್ಪ ತೊಡಕು. ಓರಗಿತ್ತಿ ನಮ್ಮ ಪಟ್ಟಿಯಲ್ಲಿ ಬರಲ್ಲ. ನಿಮ್ಮ ಗಂಡನ ಅಣ್ಣನ ಹೆಂಡತಿ ಅಲ್ವಾ?"

"ಹೌದು."

"ನಿಮ್ಮ ಯಜಮಾನರು ಈಗ..."

"ಹೋದ್ರು."

"ಅಯ್ಯೋ, ಕ್ಷಮಿಸಿ ಮೇಡಂ."

"ಸತ್ತಿಲ್ಲಪ್ಪ. ಹೋದ್ರು, ಅಷ್ಟೇ. ಡೈವೋರ್ಸ್ ಆಗಿದೆ. ಸತ್ತಿದ್ದು ಅವರ ಅಣ್ಣ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. "ಅಂದ್ರೆ ಕಾನೂನಿನ ಪ್ರಕಾರ ಅವರು ನಿಮ್ಮ ಮಾಜಿ ಗಂಡನ ತೀರಿಕೊಂಡ ಅಣ್ಣನ ಹೆಂಡತಿ."

"ಹಾಗೆ ಹೇಳಿದ್ರೆ ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂತವಳ ಹಾಗಿದೆಯಲ್ಲ," ಎಂದಳು ಸೂಜಿ.

ಗುಮಾಸ್ತ ಫೋನಿಡಲಿಲ್ಲ. ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಆಸರೆಯಾಗಿರುವವರಿಗೆ ಎಂದು ಒಂದು ನಿಯಮವಿದೆ, ಅದನ್ನು ಯಾರೂ ಬಳಸುವುದಿಲ್ಲ ಎಂದ. "ರೋಗಿಯ ಪಕ್ಕ ಒಬ್ಬರು ಇರಲೇಬೇಕಿತ್ತು ಅಂತ ಡಾಕ್ಟರು ಬರೆದುಕೊಡಲಿ. ನೀವಿಬ್ಬರು ಹೇಗೆ ಜೊತೆಗಿದ್ದೀರಿ ಅಂತ ನೀವೊಂದು ಕಾಗದ ಬರೀರಿ. ಮೇಲಿನವರಿಗೆ ಕಳಿಸ್ತೀನಿ. ಆಗೇ ಆಗುತ್ತೆ ಅಂತ ಮಾತು ಕೊಡಲ್ಲ."

ಡಾಕ್ಟರ ಪತ್ರ ಮರುದಿನವೇ ಸಿಕ್ಕಿತು. ಕಾಗದ ಬರೆಯಲು ಸೂಜಿಗೆ ಒಂದು ಇಡೀ ಭಾನುವಾರ ಹಿಡಿಯಿತು. ಬರೆದಳು, ಹರಿದಳು, ಮತ್ತೆ ಬರೆದಳು. ಸಂಜೆಗೆ ಅಕ್ಕ ಕನ್ನಡಕ ಏರಿಸಿಕೊಂಡು ಬಂದು, "ಎಲ್ಲಿ, ಕೊಡು," ಎಂದಳು.

"ಬೇಡ. ಅದು ಕಂಪನಿಗೆ ಬರೆದದ್ದು."

"ನನ್ನ ಬಗ್ಗೆ ತಾನೇ?"

ಸೂಜಿ ಕೊಡದೆ ಗತಿಯಿರಲಿಲ್ಲ. ಅಕ್ಕ ಕಿಟಕಿಯ ಬೆಳಕಿಗೆ ತಿರುಗಿ ಓದಿದಳು.

'ನನ್ನ ಗಂಡ ಹೋದ ಐದನೇ ದಿನ ನಾನೂ ಈ ಮನೆ ಬಿಟ್ಟು ಹೊರಟಿದ್ದೆ. ಅವನೇ ಇಲ್ಲದ ಮೇಲೆ ಅವನ ಅಣ್ಣನ ಹೆಂಡತಿಯ ಮನೆಯಲ್ಲಿ ನನಗೇನು ಹಕ್ಕು ಅಂದುಕೊಂಡಿದ್ದೆ. ಚೀಲ ಕಟ್ಟಿ ಮೆಷಿನ್ನಿನ ಕೆಳಗೆ ಇಟ್ಟಿದ್ದೆ. ಇದು ಅಕ್ಕನಿಗೆ ಗೊತ್ತಿಲ್ಲ. ಅವತ್ತು ಸಂಜೆ ಅಕ್ಕ ಹೊಸ ಬಟ್ಟೆಯೊಂದನ್ನು ತಂದು, ಅಳತೆ ತಗೋ, ಈ ಚಳಿಗಾಲಕ್ಕೆ ಒಂದು ಕೋಟು ಬೇಕು ಅಂದಳು. ಅಳತೆ ತೆಗೆದುಕೊಂಡ ಮೇಲೆ ಹೊಲಿಯದೆ ಹೋಗುವುದು ಹೇಗೆ? ಕೋಟು ಮುಗಿಯಲು ಒಂಬತ್ತು ದಿನ ಬೇಕಾಯಿತು. ಅಷ್ಟರಲ್ಲಿ ಹೋಗುವ ಮನಸ್ಸು ಉಳಿದಿರಲಿಲ್ಲ. ಅಕ್ಕನಿಗೆ ಜ್ವರ ಇದ್ದಾಗ ನಾನು ಹಡಗು ಹತ್ತುವುದು ಸಾಧ್ಯವಿರಲಿಲ್ಲ. ಇದಕ್ಕೆ ನಿಮ್ಮ ಫಾರಂನಲ್ಲಿ ಯಾವ ಚೌಕವೋ ನನಗೆ ತಿಳಿಯದು.'

ಓದಿ ಮುಗಿದರೂ ಅಕ್ಕ ಕಾಗದ ಕೆಳಗಿಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಕನ್ನಡಕವನ್ನು ಬರಿಯ ಬಟ್ಟೆಯಲ್ಲಿ ಒರೆಸಬಾರದು ಎಂದು ಗಿರಾಕಿಗಳಿಗೆಲ್ಲ ದಿನಾ ಪಾಠ ಹೇಳುವವಳು.

"ಚೀಲ ನೋಡಿದ್ದೆ ಕಣೆ," ಎಂದಳು. "ಕಸ ಗುಡಿಸುವಾಗ ಪೊರಕೆಗೆ ತಾಗಿತ್ತು. ನೇರ ಬಟ್ಟೆ ಅಂಗಡಿಗೆ ಹೋದೆ. ಯಾವ ಬಣ್ಣ ಅಂತಲೂ ನೋಡಲಿಲ್ಲ."

ಆ ಕೋಟು ಗಾಢ ಹಳದಿಯದು. ಅಕ್ಕ ಅದನ್ನು ಹಾಕಿಕೊಂಡು ಹೋದ ಕಡೆಯಲ್ಲೆಲ್ಲ ಜನ ತಿರುಗಿ ನೋಡಿದ್ದರು. ಆದರೂ ಮೂರು ಚಳಿಗಾಲ ಅದನ್ನೇ ಹಾಕಿದ್ದಳು.

"ಇರು ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ಹೇಳಿ, ನೀನು ಆಗಲ್ಲ ಅಂದಿದ್ರೆ ನಾನೇನು ಮಾಡಬೇಕಿತ್ತು?" ಎಂದಳು ಅಕ್ಕ.

ಹದಿನಾಲ್ಕು ವರ್ಷ ಸೂಜಿ ತಾನು ಅಕ್ಕನ ಹಂಗಿನಲ್ಲಿದ್ದೇನೆ ಎಂದೇ ಒಳಗೊಳಗೆ ಅಂದುಕೊಂಡು ಬಂದವಳು. ಎದುರಿಗಿದ್ದವಳೂ ಅಷ್ಟೇ ಹೆದರಿದ್ದಳು ಎಂಬುದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಎದ್ದು ಹೋಗಿ ಅಕ್ಕನ ಕೈಯಿಂದ ಕನ್ನಡಕ ತೆಗೆದುಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅವಳ ಮೂಗಿನ ಮೇಲೆ ತಾನೇ ಕೂರಿಸಿದಳು.

"ಕಾಗದ ಚೆನ್ನಾಗಿದೆ," ಎಂದಳು ಅಕ್ಕ. "ಎರಡು ಕಡೆ ಕಾಗುಣಿತ ತಪ್ಪಿದೆ."

ಕಾಗದ ಕಳಿಸಿದ ಹನ್ನೊಂದನೆಯ ದಿನ ಗುಮಾಸ್ತ ಮತ್ತೆ ಫೋನು ಮಾಡಿದ. ನಿಮ್ಮ ಕಾಗದ ನಾಲ್ಕು ಮೇಜು ದಾಟಿತು ಮೇಡಂ, ನಾಲ್ಕೂ ಕಡೆ ನಿಂತು ನಿಂತು ಬಂತು, ಅದಕ್ಕೇ ತಡ ಎಂದ. ನಿಯಮದಂತೆ ಸ್ವಲ್ಪ ಹಣ ಹಿಡಿದುಕೊಂಡು ಉಳಿದದ್ದು ಪಾಸಾಗಿತ್ತು. ಸೂಜಿ ಅವನಿಗೆ, ಪ್ಯಾಂಟು ಗಿಡ್ಡ ಮಾಡಿಸುವುದೋ ಉದ್ದ ಮಾಡಿಸುವುದೋ ಇದ್ದರೆ ಬಾಪ್ಪ ಎಂದು ವಿಳಾಸ ಕೊಟ್ಟಳು.

ಆ ಹಣದಲ್ಲಿ ಅಕ್ಕ, ಸೂಜಿ ಇಬ್ಬರೂ ಮತ್ತೆ ಹೊರಟಾಗ ಪ್ರವಾಸಿಗರು ಬರುವ ಕಾಲ ಮುಗಿದಿತ್ತು. ಹಡಗಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ, ದ್ವೀಪದ ಅಂಗಡಿಗಳಲ್ಲಿ ಮುಕ್ಕಾಲು ಪಾಲು ಮುಚ್ಚಿದ್ದವು. ಅಕ್ಕನಿಗೆ ಮೊದಲ ದಿನವಿಡೀ ತಲೆಸುತ್ತು, ಹಡಗು ಕಂಡುಹಿಡಿದವನಿಗೆ ಹಿಡಿಶಾಪ. ಎರಡನೆಯ ದಿನ ಬೆಳಿಗ್ಗೆ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ದಡದಲ್ಲಿ ನಡೆದರು. ನೀರು ಮಂಜಿನಂತೆ ಕೊರೆಯುತ್ತಿತ್ತು. ಅಕ್ಕ ಸೂಜಿಯ ತೋಳು ಹಿಡಿದು ಅಲೆಗೆ ಕಾಲು ಕೊಟ್ಟು, ಕಿರುಚಿ, ಹಿಂದೆ ಸರಿದು, ಮತ್ತೆ ಕೊಟ್ಟಳು.

"ಸಾಕು ಬಾ, ಜ್ವರ ಬರುತ್ತೆ," ಎಂದಳು ಸೂಜಿ.

"ಇನ್ನೊಂದು ಅಲೆ," ಎಂದಳು ಅಕ್ಕ, ತೋಳು ಬಿಡದೆ.