ಫಕ್ಕೀರವ್ವನ ವಯಸ್ಸು

ಬೀರಲಿಂಗಪ್ಪ ಗುಲಾಲಿನ ಪೊಟ್ಟಣ ಬಿಚ್ಚುತ್ತಿದ್ದಂತೆ ನರ್ಮದಾ ಅಡ್ಡ ಬಂದು ನಿಂತಳು.

“ಗುಲಾಲು ಹಾರಸಬ್ಯಾಡ್ರಿ. ಭಜನಿನೂ ಬ್ಯಾಡ.”

ತಾಳ ಹಿಡಿದವರು ಪಿಳಿಪಿಳಿ ನೋಡಿದರು. ಬೆಟಗೇರಿಯ ಆ ಓಣಿಯಲ್ಲಿ ತುಂಬು ಬಾಳು ಬಾಳಿದ ಜೀವ ಹೋದರೆ ಭಜನೆ, ಗುಲಾಲು. ನಡುವಯಸ್ಸಿನಲ್ಲಿ ಹೋದವರಿಗೆ ಎರಡೂ ಇಲ್ಲ. ಓಣಿಯ ಹಿರಿಯ ಬೀರಲಿಂಗಪ್ಪನಿಗೆ ಇದನ್ನು ಸಾಲಿ ಮಾಸ್ತರಿಣಿ ನರ್ಮದಾ ಬಂದು ಕಲಿಸಬೇಕಾಗಿರಲಿಲ್ಲ.

“ಯಾಕ್ರಿ ಅಕ್ಕಾರ? ಮೊಮ್ಮಕ್ಕಳನ್ನ ಕಂಡ ಮುದುಕಿ. ಸುಖದ ಸಾವು ಐತಿ,” ಎಂದು ಅವನು ಮುನ್ಸಿಪಾಲ್ಟಿಗೆ ಕೊಡಲು ಬರೆದ ಚೀಟಿ ತೋರಿಸಿದ. ಫಕ್ಕೀರವ್ವ. ಮರಣದ ಇಸವಿ ಎಂಬತ್ಮೂರು. ವಯಸ್ಸು ಅರವತ್ತೈದು. ಕಾರಣ, ಮುಪ್ಪು.

ನರ್ಮದಾ ಚೀಟಿ ಓದಿದಳು. “ಅರವತ್ತೈದು ಅಂತ ಯಾರು ಹೇಳಿದ್ರು?”

“ಯಾರ್ ಹೇಳಬೇಕ್ರಿ? ಮಾರಿ ನೋಡಿದ್ರ ಗೊತ್ತಾಗತೈತಿ.”

ಸತ್ತವಳ ಮಗ ಹುಚ್ಚಪ್ಪ ತಲೆ ತಗ್ಗಿಸಿದ. “ನನಗೂ ಗೊತ್ತಿಲ್ರಿ. ನಾ ಕಣ್ಣು ಬಿಟ್ಟಾಗಿಂದ ಅವ್ವ ಹಿಂಗ ಇದ್ಲು.”

*

ನಲವತ್ತೊಂದನೆಯ ಇಸವಿಯಲ್ಲಿ ಇಬ್ಬರ ತಾಯಂದಿರೂ ಒಂದೇ ವಾರ ಹೆತ್ತಿದ್ದರು. ಫಕ್ಕೀರವ್ವನ ತಾಯಿ ನರ್ಮದಾಳ ಮನೆಯಲ್ಲಿ ಮುಸುರೆ ತಿಕ್ಕುವಾಕೆ. ಹದಿನೈದೇ ದಿನಕ್ಕೆ ಬಾಣಂತನ ಮುಗಿಸಿ ಕೆಲಸಕ್ಕೆ ಬಂದಿದ್ದಳಂತೆ. ಹುಡುಗಿಯರಿಬ್ಬರೂ ಶಾಲೆಯಲ್ಲಿ ಒಂದೇ ಚಾಪೆಯವರು. ಹದಿಮೂರರ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿ ಫಕ್ಕೀರವ್ವ ಇವಳನ್ನು ಅಳಿಸುತ್ತಿದ್ದಳು. ಹತ್ತು ತುಂಬುವುದೇ ತಡ, ಅವಳನ್ನು ಅರಳೆ ಗಿರಣಿಗೆ ಕಳಿಸಿದರು.

ಹೋದ ಶ್ರಾವಣದಲ್ಲಿ ಫಕ್ಕೀರವ್ವ ಹೊಸ್ತಿಲ ಮೇಲೆ ಕೂತು ಕೆಮ್ಮುತ್ತ, “ನರ್ಮದಾ, ನೀ ಇನ್ನೂ ಹುಡುಗಿ ಆಗೇ ಉಳದೀಯಲ್ಲ!” ಎಂದು ನಕ್ಕಿದ್ದಳು. ಇವಳೂ ನಕ್ಕಿದ್ದಳು. ಹಾಗೆ ನಕ್ಕದ್ದಕ್ಕೆ ಈಗ ತನ್ನ ಮೇಲೇ ಸಿಟ್ಟು ಬಂತು.

*

“ಅಕಿ ನನ್ನ ವಾರಿಗಿಯಾಕಿ. ನಲವತ್ತೆರಡು. ನನಗೆಷ್ಟೋ ಅಷ್ಟ.”

ಬೀರಲಿಂಗಪ್ಪ ಅವಳ ಕಪ್ಪು ಹೆರಳನ್ನು ನೋಡಿದ. “ಹೆಣದ ಮುಂದ ಚ್ಯಾಷ್ಟಿ ಬ್ಯಾಡ್ರಿ ಅಕ್ಕಾರ.”

“ಚ್ಯಾಷ್ಟಿ ಮಾಡ್ಲಿಕತ್ತವರು ನೀವು! ನಮ್ಮವ್ವಗ ಎಪ್ಪತ್ತೈದು, ಇವತ್ತಿಗೂ ಅಡಗಿ ತಾನ ಮಾಡ್ತಾಳ. ಇಕಿಗೆ ನಲವತ್ತೆರಡಕ್ಕ ಮುಪ್ಪು ಬಂತೇನು? ಮೂವತ್ತೆರಡು ವರ್ಷ ಆ ಗಿರಣಿ ಧೂಳು ಕುಡದು ಸತ್ತಾಳ. ಹಂಗಂತ ಬರೀರಿ.”

ಅವನು ಬರೆಯಲಿಲ್ಲ. ಅವಳೇ ಚೀಟಿ, ಪೆನ್ನು ಕಸಿದುಕೊಂಡು ಅರವತ್ತೈದನ್ನೂ ಮುಪ್ಪನ್ನೂ ಹೊಡೆದು ಹಾಕಿದಳು. ತಾಳದವರು ತಾಳಗಳನ್ನು ಚೀಲಕ್ಕೆ ಸೇರಿಸಿದರು.

“ನಲವತ್ತೆರಡ?” ಎಂದ ಹುಚ್ಚಪ್ಪ. ಬೆಳಗಿನಿಂದ ಕಲ್ಲಿನ ಹಾಗೆ ಕೂತಿದ್ದವನು ಗೋಡೆಗೆ ಹಣೆ ಹಚ್ಚಿ ಗೊಳೋ ಎಂದು ಅತ್ತ.

ಆಗ ಹೆಂಗಸರ ನಡುವಿನಿಂದ ಕಸ್ತೂರೆವ್ವ ಕೋಲೂರಿಕೊಂಡು ಮುಂದೆ ಬಂದಳು. ಗಿರಣಿಯಲ್ಲಿ ಫಕ್ಕೀರವ್ವನ ಪಕ್ಕದಲ್ಲೇ ದುಡಿಯುವಾಕೆ. ಬಾಯಲ್ಲಿ ನಾಲ್ಕು ಹಲ್ಲೂ ಉಳಿದಿರಲಿಲ್ಲ.

“ಅಕ್ಕಾರ, ನಾ ಫಕ್ಕೀರಿಗಿಂತ ಮೂರು ವರ್ಷ ಸಣ್ಣಾಕಿ. ಹಂಗಾರ ನನಗೆಷ್ಟ್ರಿ?”

ನರ್ಮದಾ ಬಾಯಿ ತೆರೆಯುವಷ್ಟರಲ್ಲಿ ಕಸ್ತೂರೆವ್ವನ ಹಿಂದೆ ಗಿರಣಿಯ ಇನ್ನೂ ಐದಾರು ನೆರೆತ ತಲೆಗಳು ಬಂದು ನಿಂತವು. ಎಲ್ಲರೂ ಪೆನ್ನು ಹಿಡಿದ ಕೈಯನ್ನೇ ನೋಡುತ್ತಿದ್ದರು.