ನಮ್ಮ ನಂತರ ಇಸ್ರಾರನಿಗೆ ಯಾರು?

ಹಗರಿಬೊಮ್ಮನಹಳ್ಳಿಯಲ್ಲಿ ದಸ್ತಗಿರಿಯ ಮೋಟರ್ ವೈಂಡಿಂಗ್ ಅಂಗಡಿ ಎಲ್ಲಿ ಎಂದರೆ ಚಿಕ್ಕ ಮಕ್ಕಳೂ ದಾರಿ ತೋರಿಸುತ್ತಾರೆ. ಸುಟ್ಟ ಪಂಪ್‌ಸೆಟ್ ಮೋಟರನ್ನು ಮೂಸಿ ನೋಡಿಯೇ ಅದರ ರೋಗ ಹೇಳುವ ಮನುಷ್ಯ ಅವನು. ಊರವರ ಕಷ್ಟಕ್ಕೆಲ್ಲ ಅವನ ಹತ್ತಿರ ಒಂದೊಂದು ಪರಿಹಾರವಿತ್ತು. ತನ್ನ ಮನೆಯ ಒಂದು ಪ್ರಶ್ನೆಗೆ ಮಾತ್ರ ಮೂರೇ ಮಾತಿನಲ್ಲಿ ಬಾಗಿಲು ಹಾಕಿಬಿಡುತ್ತಿದ್ದ: "ಸಲೀಂ ಅದಾನಲ್ಲ ಬಿಡ್ರಿ."

ಆ ಪ್ರಶ್ನೆ ಅವನ ಕಿರಿಯ ಮಗ ಇಸ್ರಾರನದು. ವಯಸ್ಸು ಇಪ್ಪತ್ನಾಲ್ಕು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಜೊತೆಗೆ ಆಗಾಗ ಫಿಟ್ಸ್. ಮಾತು ಕಡಿಮೆ, ನಗು ಜಾಸ್ತಿ. ದಿನವೂ ಅಪ್ಪನ ಅಂಗಡಿಗೆ ಬಂದು ನಟ್ಟು ಬೋಲ್ಟುಗಳನ್ನು ಅಳತೆ ನೋಡಿ ಡಬ್ಬಿಗೆ ಹಾಕುತ್ತಿದ್ದ. ಆ ಕೆಲಸದಲ್ಲಿ ಅವನ ಅಣ್ಣ ಸಲೀಂ ತಪ್ಪು ಮಾಡಿಯಾನು, ಇಸ್ರಾರ ಮಾಡುವವನಲ್ಲ.

ಇಸ್ರಾರನಿಗೆ ಅಂಗವಿಕಲರ ಕಾರ್ಡು, ಪಿಂಚಣಿ ಮಾಡಿಸಿಕೊಟ್ಟವಳು ಕ್ರಾಂತಿ. ವಿಶೇಷಚೇತನರ ಮನೆಗಳಿಗೆ ಓಡಾಡುವ ಪುನರ್ವಸತಿ ಕಾರ್ಯಕರ್ತೆ. ಹಿಡಿದ ಕೆಲಸ ಬಿಡುವ ಜಾತಿಯಲ್ಲ ಅವಳದು. ಅಂಗಡಿ ಮುಂದೆ ಹಾದಾಗಲೆಲ್ಲ ಒಂದೇ ಮಾತು.

"ಚಾಚಾ, ಇಸ್ರಾರಗ ಹದಿನೆಂಟು ತುಂಬಿ ಆರು ವರ್ಷ ಆತು. ಕಾನೂನಿನ್ಯಾಗ ಅವ ಈಗ ದೊಡ್ಡಾಂವ. ಅವನ ಪರವಾಗಿ ಸಹಿ ಮಾಡಾಕ ಅಪ್ಪ ಅನ್ನೋದೊಂದ ಸಾಲಂಗಿಲ್ಲ. ಕಾನೂನು ಪಾಲಕರು ಅಂತ ಕಾಗದ ಮಾಡಿಸ್ಕೋಬೇಕು."

"ಹೆತ್ತ ಅಪ್ಪಗ ಕಾಗದ ಬೇಕೇನವ್ವಾ? ಚಾ ಕುಡದು ಹೋಗು."

"ನಿಮ್ಮ ನಂತರ ಹ್ಯಾಂಗ?"

"ಸಲೀಂ ಅದಾನಲ್ಲ ಬಿಡು."

ಕ್ರಾಂತಿ ಚಹಾ ಕುಡಿದು ಹೋಗುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಬರುತ್ತಿದ್ದಳು.

ಹೀಗಿರುವಾಗ ದಸ್ತಗಿರಿಯ ಹೆಂಡತಿ ಸೈದಾ ಬೀಗೆ ಪಿತ್ತಕೋಶದಲ್ಲಿ ಕಲ್ಲು ಎಂದಾಯಿತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್. ಅವಳು ಮದುವೆಯಾಗಿ ಬಂದಾಗಿನಿಂದ ಮನೆ ಬಿಟ್ಟು ಎಂಟು ದಿನ ಎಲ್ಲೂ ಇದ್ದವಳಲ್ಲ. ಜೊತೆಗೆ ಅವಳ ತಂಗಿ ಹೋದಳು. "ಮನಿ ನಾ ನೋಡ್ಕೊಂತೀನಿ, ನೀ ಆರಾಮಾಗಿ ಬಾ" ಎಂದು ದಸ್ತಗಿರಿ ಎದೆ ತಟ್ಟಿಕೊಂಡು ಹೇಳಿದ್ದ.

ಎದೆ ತಟ್ಟಿಕೊಂಡಷ್ಟು ಸುಲಭವಿರಲಿಲ್ಲ. ಮೊದಲ ದಿನವೇ ಇಸ್ರಾರ ಊಟ ಮಾಡಲಿಲ್ಲ. ಸಲೀಮನ ಹೆಂಡತಿ ತಸ್ಲೀಮ್ ಮೂರು ಸಲ ತಟ್ಟೆ ಬದಲಿಸಿದಳು, ಅವನು ಮೂರು ಸಲವೂ ಹಿಂದಕ್ಕೆ ನೂಕಿದ. ಸಾರು ಅನ್ನಕ್ಕೆ ತಾಗದಂತೆ ಬೇರೆ ಬಟ್ಟಲಲ್ಲಿ ಕೊಡಬೇಕು ಎನ್ನುವುದು ಸೈದಾ ಬೀ ಒಬ್ಬಳಿಗೇ ಗೊತ್ತಿತ್ತು. ಎರಡನೆಯ ದಿನ ಅವನ ಗುಳಿಗೆ ಮುಗಿಯಿತು. ಗುಳಿಗೆಯ ಹೆಸರಿದ್ದ ಖಾಲಿ ಪಟ್ಟಿಯನ್ನು ಯಾರೋ ಕಸಕ್ಕೆ ಹಾಕಿದ್ದರು. ಮೂರನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಡಬ್ಬಿ ಎತ್ತಿಡುತ್ತಿದ್ದ ಹುಡುಗ ಫಿಟ್ಸ್ ಬಂದು ಕಬ್ಬಿಣದ ಮೇಜಿಗೆ ಹೊಡೆದುಕೊಂಡು ಬಿದ್ದ. ಹಣೆ ಒಡೆದು ರಕ್ತ ಹರಿಯಿತು.

ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕುತ್ತಲೇ ಕೇಳಿದರು: "ದಿನಾ ಯಾವ ಗುಳಿಗಿ ತಗೊಂತಾನ? ಎಷ್ಟು ಪವರಿಂದು? ಕಡೀ ಸಲ ಫಿಟ್ಸ್ ಯಾವಾಗ ಬಂದಿತ್ತು?"

ದಸ್ತಗಿರಿ ಸಲೀಮನ ಮುಖ ನೋಡಿದ. ಸಲೀಂ ಅಪ್ಪನ ಮುಖ ನೋಡಿದ. ಸೈದಾ ಬೀ ಆ ಹೊತ್ತಿಗೆ ಆಪರೇಷನ್ ಕೋಣೆಯಲ್ಲಿದ್ದಳು. ಇಪ್ಪತ್ನಾಲ್ಕು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಇಬ್ಬರು ಗಂಡಸರಿಗೆ ಆ ಹುಡುಗನ ಒಂದು ಗುಳಿಗೆಯ ಹೆಸರು ಗೊತ್ತಿರಲಿಲ್ಲ. ದಸ್ತಗಿರಿಗೆ ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದು ಸಾಲದೆಂಬಂತೆ ಬ್ಯಾಂಕಿನಲ್ಲೂ ಬಾಗಿಲು ಮುಚ್ಚಿತ್ತು. ಇಸ್ರಾರ ಚಿಕ್ಕವನಿದ್ದಾಗ ಅವನ ಹೆಸರಿನಲ್ಲಿ ಇಟ್ಟ ಠೇವಣಿಯನ್ನು ಆಸ್ಪತ್ರೆ ಖರ್ಚಿಗೆಂದು ತೆಗೆಯಲು ಹೋದರೆ, "ಈಗ ಅವರು ವಯಸ್ಕರು. ಅವರ ಸಹಿ ಬೇಕು, ಇಲ್ಲಾ ಪಾಲಕತ್ವದ ಆದೇಶ ತಗೊಂಡು ಬರ್ರಿ" ಎಂದರು.

ಎರಡು ದಿನ ಬಿಟ್ಟು ಕ್ರಾಂತಿ ಅಂಗಡಿಗೆ ಬಂದಾಗ ದಸ್ತಗಿರಿ ಒಂದು ಸುಟ್ಟ ಮೋಟರಿನ ಮುಂದೆ ಕೂತಿದ್ದ. ಹಳೆಯ ತಂತಿ ಕತ್ತರಿಸುವ ಮೊದಲು ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ, ಯಾವ ತುದಿ ಎಲ್ಲಿಗೆ ಎಂದು ಎಣ್ಣೆ ಹತ್ತಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಪಕ್ಕದಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಇಸ್ರಾರ.

"ಇಷ್ಟ್ಯಾಕ ಬರ್ಕೊಂತೀರಿ ಚಾಚಾ? ನಿಮಗ ಎಲ್ಲಾ ಬಾಯಿಪಾಠ ಇರತೈತಲ್ಲ?"

"ನನಗ ಇರತೈತಿ. ನಾಳೆ ನಾ ಇಲ್ಲ ಅಂದ್ರ ಸಲೀಂ ಏನ್ ನೋಡಿ ಸುತ್ತಬೇಕು? ಬರ್ಕೊಳ್ಳದ ಬಿಚ್ಚಿದ್ರ ಮೋಟರ್ ಗುಜರಿಗೇ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಇಸ್ರಾರನ ಕಡೆ ನೋಡಿದ, ಮುಖ ಬೇರೆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ.

"ಚಾಚಿ ಬರ್ಲಿ. ಮನಿಮಂದೆಲ್ಲ ಕೂಡಿದಾಗ ನನ್ನ ಕರೀರಿ" ಎಂದಷ್ಟೇ ಹೇಳಿ ಕ್ರಾಂತಿ ಎದ್ದಳು. ಆ ದಿನ ಚಹಾಕ್ಕೂ ನಿಲ್ಲಲಿಲ್ಲ.

ಸೈದಾ ಬೀ ಮನೆಗೆ ಬಂದ ಮೇಲೆ ಒಂದು ಭಾನುವಾರ ಎಲ್ಲರೂ ಕೂತರು. ತಾಯಿಯನ್ನು ನೋಡಲು ಹರಪನಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ನೂರೀನಳೂ ಬಂದಿದ್ದಳು. ಕ್ರಾಂತಿ ಬಿಡಿಸಿ ಹೇಳಿದಳು:

"ಮೊದ್ಲು ಕಾನೂನು ಪಾಲಕತ್ವ. ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಂತ ಐತಿ. ಹೊಸಪೇಟ್ಯಾಗ ಡಿಸಿ ಸಾಹೇಬ್ರ ಸಮಿತಿಗೆ ಅರ್ಜಿ ಹಾಕಬೇಕು. ವಿಚಾರಣೆ ಮಾಡಿ ಆದೇಶ ಕೊಡತಾರ. ಅದರ ಕೂಡ ನಿರಾಮಯ ಅಂತ ಆರೋಗ್ಯ ವಿಮೆ ಐತಿ, ಅದನ್ನೂ ಮಾಡ್ಸೋಣು. ಇನ್ನ ಆಸ್ತಿ. ಇಸ್ರಾರನ ಪಾಲು ಏನು ಅಂತ ನೀವು ಇದ್ದಾಗನ ಕಾಗದದ ಮ್ಯಾಲೆ ಬರಬೇಕು."

"ವಸಿಯತ್ತು, ಉಯಿಲು ಅಂತ ಬರ್ಯಾದಂದ್ರ ಸಾವು ಕರದಂಗ" ಎಂದು ದಸ್ತಗಿರಿ ಗೊಣಗಿದ.

ಸೈದಾ ಬೀ ಮಲಗಿದಲ್ಲಿಂದಲೇ ಅಂದಳು: "ಛತ್ರಿ ತಗೊಂಡ್ರ ಮಳಿ ಬರತೈತೇನ್ರಿ? ಸುಮ್ಮನ ಕೇಳ್ರಿ."

"ನಿಮ್ಮಲ್ಲಿ ವಸಿಯತ್ತಿನ ಕಾಯ್ದೆ ಬ್ಯಾರೆ ಐತಿ ಚಾಚಾ. ಒಬ್ಬ ಮಗನ ಹೆಸರಿಗೆ ಬರದ್ರ ಉಳದ ವಾರಸುದಾರರು ಒಪ್ಪಬೇಕು. ಇಲ್ಲಾ, ಇದ್ದಾಗನ ಹಿಬಾ ಅಂತ ದಾನ ಕೊಡಬಹುದು. ಯಾವುದು ಸರಿ ಅಂತ ಹೇಳಾಕಿ ನಾನಲ್ಲ, ವಕೀಲರು. ಇಲ್ಲೇ ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಐತಿ. ಇಸ್ರಾರನಂಥೋರಿಗೆ ವಕೀಲರು ಪುಕ್ಕಟೆ. ಅದೆಲ್ಲಾ ಆಗತೈತಿ. ಆದ್ರ ಇದನ್ನ ಹೇಳ್ರಿ, ನಿಮ್ಮಿಬ್ಬರ ನಂತರ ಇವನ್ನ ನೋಡ್ಕೊಳ್ಳೋರು ಯಾರು?"

"ಸಲೀಂ" ಎಂದ ದಸ್ತಗಿರಿ.

"ತಸ್ಲೀಮನ್ನ ಕೇಳೀರೇನು?"

ತಸ್ಲೀಮ್ ಸೆರಗು ಸರಿಮಾಡಿಕೊಂಡಳು. ಮದುವೆಯಾಗಿ ಐದು ವರ್ಷವಾದರೂ ಮಾವನ ಎದುರು ಅವಳು ಇಷ್ಟು ಮಾತಾಡಿದ್ದು ಅದೇ ಮೊದಲು.

"ಅಡಿಗಿ ಮಾಡಿ ಹಾಕತೀನಿ, ಬಟ್ಟಿ ಒಗೀತೀನಿ, ಒಲ್ಲೆ ಅನ್ನಂಗಿಲ್ಲ. ಆದ್ರ ಫಿಟ್ಸ್ ಬಂದ್ರ ನನ್ನ ಕೈಕಾಲು ಆಡಂಗಿಲ್ಲ ಅಬ್ಬಾ. ಎರಡು ಸಣ್ಣ ಹುಡುಗ್ರನ್ನ ಕಟ್ಕೊಂಡು ಒಬ್ಬಾಕಿ ಹ್ಯಾಂಗ ನಿಭಾಯಿಸ್ಲಿ? ಇವತ್ತು ಬಾಯಿ ಮುಚ್ಕೊಂಡು ಹೂಂ ಅಂದ್ರ, ನಾಳೆ ಆ ಸಿಟ್ಟು ಅವನ ಮ್ಯಾಲೇ ಬರತೈತಿ. ಅದಕ್ಕ ಹೇಳೀನಿ."

ಸಲೀಂ ತಲೆ ತಗ್ಗಿಸಿದ. ದಸ್ತಗಿರಿಯ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ನೂರೀನ ಮಾತಾಡಿದಳು.

"ಅಬ್ಬಾ, ಆಕಿ ಖರೇನ ಹೇಳ್ಯಾಳ. ನೀವು ನನ್ನ ಯಾಕ ಒಂದಿನಾನೂ ಕೇಳ್ಲಿಲ್ಲ?"

"ನೀ ಕೊಟ್ಟ ಮನಿಯಾಕಿ, ನಿನಗ್ಯಾಕ ಭಾರ..."

"ಕೊಟ್ಟ ಮನಿಗೆ ಹೋದ್ರ ತಮ್ಮ ತಮ್ಮ ಅಲ್ಲಂತಾಗತೈತೇನು? ಅಮ್ಮಿ ಕೆಲಸಕ್ಕ ಹೋದಾಗ ಇವನ್ನ ಸೊಂಟದ ಮ್ಯಾಲೆ ಹೊತ್ತು ಬೆಳಸೀನಿ. ನಮ್ಮ ಮನಿಯವರನ್ನೂ ಕೇಳೀನಿ, ಆತು ಅಂದಾರ. ನೀವು ಕೇಳ್ತೀರಿ ಅಂತ ಎಷ್ಟು ವರ್ಷ ಕಾದೀನಿ!"

ಗಂಡುಮಗ ಇದ್ದಾನೆಂಬ ಧೈರ್ಯದಲ್ಲಿ ದಸ್ತಗಿರಿ ಸೊಸೆಯನ್ನು ಕೇಳಿರಲಿಲ್ಲ, ಮಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕ್ರಾಂತಿ ಮೆಲ್ಲಗೆ, "ಇನ್ನೊಬ್ರನ್ನ ಕೇಳೋದು ಉಳದೈತಿ," ಎಂದು ಇಸ್ರಾರನ ಕಡೆ ತಿರುಗಿದಳು. "ಇಸ್ರಾರಾ, ನಿನಗ ಯಾರ ಕೂಡ ಇರಬೇಕನ್ನಸತೈತಿ?"

ಅವನು ಒಬ್ಬೊಬ್ಬರನ್ನೇ ನೋಡಿ, ಎದ್ದು ಹೋಗಿ ನೂರೀನಳ ಪಕ್ಕ ಕೂತ.

"ಆಪಾ" ಎಂದ. ಆಮೇಲೆ, "ಅಂಗಡಿ" ಎಂದ.

ಅಕ್ಕ ಹರಪನಹಳ್ಳಿಯಲ್ಲಿ, ಅಂಗಡಿ ಇಲ್ಲಿ. ಎರಡೂ ಬೇಕು ಎಂದ ಹುಡುಗನಿಗೆ ಯಾವುದನ್ನು ಇಲ್ಲ ಎನ್ನುವುದು? ಕೂತು ಮಾತಾಡಿದರೆ ಬಗೆಹರಿಯದ್ದು ಯಾವುದಿದೆ ಹೇಳಿ! ತಿಂಗಳಿಗೆ ಹದಿನೈದು ದಿನ ಅಕ್ಕನ ಮನೆ, ಹದಿನೈದು ದಿನ ಇಲ್ಲಿ. ಅಪ್ಪ ಅಮ್ಮ ಇರುವಾಗಲೇ ಶುರುವಾಗಲಿ, ಅವನಿಗೂ ರೂಢಿಯಾಗಲಿ. ಅಂಗಡಿಯಲ್ಲಿ ಅವನ ಜಾಗ ಅವನದೇ, ಅದು ಸಲೀಮನ ಜವಾಬ್ದಾರಿ.

ಅವತ್ತಿನಿಂದ ಸೈದಾ ಬೀ ಹೇಳುತ್ತಾ ಹೋದಳು, ತಸ್ಲೀಮ್ ಬರೆಯುತ್ತಾ ಹೋದಳು. ಗುಳಿಗೆ, ಡಾಕ್ಟರು, ಸಾರಿನ ಬಟ್ಟಲು, ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸುವುದು, ಬಾಯಲ್ಲಿ ಏನನ್ನೂ ತುರುಕದಿರುವುದು, ಮಿಕ್ಸಿ ಸದ್ದಿಗೆ ಹೆದರುವುದು. ಹದಿನಾಲ್ಕು ಪುಟ ತುಂಬಿತು. ನಾಲ್ಕಾರು ಸಲ ಓಡಾಡಿದ ಮೇಲೆ ತಂದೆತಾಯಿಗೆ ಪಾಲಕತ್ವದ ಆದೇಶ ಬಂತು. ಅವರ ನಂತರ ನೂರೀನ ಅರ್ಜಿ ಹಾಕುವುದೆಂದು ಎಲ್ಲರೂ ಸಹಿ ಮಾಡಿದರು. ವಕೀಲರು ಹಿಬಾದ ಕಾಗದ ಸಿದ್ಧಮಾಡಿದರು. ಬ್ಯಾಂಕಿನವರೂ ಆದೇಶ ನೋಡಿ ಕುರ್ಚಿ ಕೊಟ್ಟರು.

ಮೊದಲ ಸಲ ಇಸ್ರಾರ ಅಕ್ಕನ ಜೊತೆ ಹರಪನಹಳ್ಳಿ ಬಸ್ಸು ಹತ್ತಿದ ದಿನ ಸೈದಾ ಬೀ ಮಧ್ಯಾಹ್ನದ ನಮಾಜು ಮುಗಿಸಿ ಬಹಳ ಹೊತ್ತು ಕೂತೇ ಇದ್ದಳು. ದಸ್ತಗಿರಿ ಹತ್ತಿರ ಹೋಗಿ, "ಯಾಕ, ಅವನ ಚಿಂತಿ ಆತೇನು?" ಎಂದು ಕೇಳಿದ.

"ಇಪ್ಪತ್ತು ವರ್ಷದಿಂದ ದಿನಾ ಒಂದ ದುವಾ ಕೇಳ್ತಿದ್ದೆ. ನಿಮಗ ಹೇಳಿರಲಿಲ್ಲ. ಯಾ ಅಲ್ಲಾ, ನನಗಿಂತ ಒಂದಿನ ಮೊದ್ಲ ನನ್ನ ಮಗನ್ನ ಕರ್ಕೋ ಅಂತ." ಅವಳ ಕೆನ್ನೆ ಒದ್ದೆಯಾಗಿತ್ತು. "ಇವತ್ತು ಅವನಿಗೆ ಆಯುಷ್ಯ ಕೊಡು ಅಂತ ಕೇಳೀನ್ರಿ."

ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ನೀವು ಎಲ್ಲಿಯವರೇ ಆಗಿರಿ, ನಿಮ್ಮ ಮನೆಯಲ್ಲೂ ಒಬ್ಬ ಇಸ್ರಾರ ಇದ್ದರೆ ನಾಳೆ ನೋಡೋಣ ಎನ್ನಬೇಡಿ. ಹದಿನೆಂಟು ತುಂಬಿದ್ದರೆ ಪಾಲಕತ್ವದ ಅರ್ಜಿ ಹಾಕಿ. ಆಸ್ತಿಯ ಮಾತಿಗೆ ನಿಮ್ಮ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ನಿಮ್ಮೂರಿನ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಅದಕ್ಕೂ ಮೊದಲು ಇವತ್ತು ಊಟಕ್ಕೆ ಕೂತಾಗ ಮಗಳನ್ನು ಕೇಳಿ, ಸೊಸೆಯನ್ನು ಕೇಳಿ, ಆ ಮಗುವನ್ನೂ ಕೇಳಿ. ತನ್ನ ಕೂಸಿನ ಸಾವನ್ನು ಬೇಡಿಕೊಳ್ಳುವ ಗತಿ ಯಾವ ತಾಯಿಗೂ ಬರಬಾರದು.